ಭಾಗ್ಯವಿಲ್ಲದ ತಂಗಿಯಿಂದ

ಕೀರ್ತಿಶೇಷನಾದ ಅಣ್ಣನಿಗೆ,

ಕೀರ್ತಿ ನಿನಗೆ, ಶೇಷ ನನಗೆ. ಇದು ನಮ್ಮ ಮನೆಯ ಹಳೆಯ ಪಾಲು. ಇಂದು ಅದನ್ನು ಸ್ವಲ್ಪ ತಿದ್ದಿ ಬಂದೆ. ಬಿಸಿ ಆರುವ ಮೊದಲೇ ಬರೆಯುತ್ತಿದ್ದೇನೆ.

ನಿನ್ನ ಜವಳಿ ಅಂಗಡಿಯ ಹಿಂದಿನ ಕೋಣೆ ನೆನಪಿದೆಯಾ? ಎಳೆ ತಪ್ಪಿದ, ಬಣ್ಣ ಸರಿಯಾಗಿ ಹಿಡಿಯದ ಬಟ್ಟೆಯೆಲ್ಲ ನನ್ನ ಮುಂದೆ ಬಂದು ಬೀಳುತ್ತಿತ್ತು. ಕಲೆ ಒಳಮಡಿಕೆಗೆ ಹೋಗುವಂತೆ ಮಡಿಸಿಡುವುದು ನನ್ನ ಕೆಲಸ. ಕಾಲೇಜಿನ ಕೊನೆಯ ಪರೀಕ್ಷೆಗೆ ಹೊರಟ ಬೆಳಿಗ್ಗೆ ನೀನು ಬಾಗಿಲಿಗೆ ಅಡ್ಡ ನಿಂತೆ. "ಓದಿದೋರು ಬೀದಿ ತುಂಬ ಸಿಗ್ತಾರೆ ಕಣೇ. ನಿನ್ನ ಥರ ಮಡಿಸೋರು ಎಲ್ಲಿದಾರೆ? ವ್ಯಾಪಾರದ ಹೊತ್ತು, ಒಳಗೆ ನಡಿ." ಅಮ್ಮ ಕಿಟಕಿಯತ್ತ ತಿರುಗಿಕೊಂಡಳು. ಗೆಳತಿಯರು ಉತ್ತರ ಬರೆದರು, ನಾನು ಬಟ್ಟೆ ಮಡಿಸಿದೆ.

ಮದುವೆಯಾದ ಮೇಲೆ, ಮಕ್ಕಳ ಪುಸ್ತಕದ ಪಕ್ಕ ನನ್ನದನ್ನೂ ಇಟ್ಟುಕೊಂಡು ಓದಿ ಪದವಿ ಪಡೆದು, ಪ್ರಮಾಣಪತ್ರ ತಂದು ತೋರಿಸಿದರೆ ನೀನು ಕೇಳಿದ್ದು, "ಇದನ್ನ ಉಟ್ಕೋತೀಯಾ, ಹಾಸ್ಕೋತೀಯಾ?"

ಆಮೇಲೆ ನೀನು ವಿದ್ಯಾದಾನಿಯಾದೆ. ವಿಶ್ವವಿದ್ಯಾಲಯಕ್ಕೆ ಹೆಣ್ಣುಮಕ್ಕಳ ವಿಭಾಗ ಕಟ್ಟಿಸಿಕೊಟ್ಟು, ಬಾಗಿಲಲ್ಲಿ ಕಲ್ಲು ಕೆತ್ತಿಸಿದೆ: "ಓದುವ ಭಾಗ್ಯವಿಲ್ಲದ ನನ್ನ ತಂಗಿಯ ನೆನಪಿಗೆ." ಅದರ ಪಕ್ಕ ನೀನು ಕಣ್ಣೊರೆಸಿಕೊಳ್ಳುವ ಚಿತ್ರ ಪೇಪರಿನಲ್ಲಿ ಬಂದ ದಿನ, ಸಂತಾಪ ಹೇಳಲು ಬಂದವರಿಗೆ ನಾನೇ ಕಾಫಿ ಮಾಡಿಕೊಟ್ಟೆ.

ಈಗ ನೀನೂ ಹೋದೆ. ನಿನ್ನ ಸ್ಮರಣೆಯ ಸಭೆಗೆ ಕುಲಪತಿಗಳು ಕರೆದರು. "ಹಾಸ್ಯ ಬರೀತೀರಲ್ಲ ಮೇಡಂ, ಸ್ವಲ್ಪ ನಗಿಸಿ, ಸ್ವಲ್ಪ ಅಳಿಸಿ." ನಿನ್ನ ಮಗ ನನ್ನ ಭಾಷಣದ ಕರಡು ಓದಿ, ಆ 'ಅಳಿಸಿ'ಯನ್ನು ರಬ್ಬರಿನ ಅರ್ಥದಲ್ಲಿ ಹಿಡಿದುಕೊಂಡ. "ಅತ್ತೆ, ಪರೀಕ್ಷೆ ವಿಷಯ ತೆಗೀರಿ. ಅಪ್ಪನ ಹೆಸರಿಗೆ ಕಲೆ." ನನ್ನದು ಕಲೆ ಮುಚ್ಚುವ ಕೈ ಎಂಬ ನಂಬಿಕೆ ಅವನಿಗೂ ಇತ್ತು. "ಆಯ್ತಪ್ಪ" ಎಂದೆ.

ತುಂಬಿದ ಸಭಾಂಗಣದಲ್ಲಿ ಒಂದಕ್ಷರ ಬಿಡದೆ ಓದಿದೆ. ಉಡುವ, ಹಾಸುವ ಮಾತಿಗೆ ನಕ್ಕವರು ಬಾಗಿಲಿಗೆ ಅಡ್ಡ ನಿಂತ ಮಾತಿಗೆ ತಣ್ಣಗಾದರು. ನಿನ್ನ ಮಗ ಎದ್ದು ಹೋದ. ಹಿಂದಿನ ಸಾಲಿನ ಹುಡುಗಿಯರು ಎದ್ದು ನಿಂತರು.

ಕುಲಪತಿಗಳ ಮುಖ ಬಿಳಿಚಿತ್ತು. "ಆ ಕಲ್ಲು ತೆಗೆಸಿಬಿಡೋಣ್ವಾ ಮೇಡಂ?"

"ಬೇಡ, ಇರಲಿ. ಪ್ರತಿ ವರ್ಷ ಹೊಸದಾಗಿ ಸೇರೋ ಹುಡುಗಿಯರನ್ನ ಮೊದಲನೇ ದಿನ ಅದರ ಮುಂದೆ ನಿಲ್ಲಿಸಿ, ನನ್ನ ಭಾಷಣ ಓದಿ ಹೇಳಿ" ಎಂದೆ. ಪಾಪ, ಒಪ್ಪಿಕೊಂಡರು.

ನಿನ್ನ ಹೆಸರು ನೂರ್ಕಾಲ ಬಾಳಲಿ ಅಣ್ಣಾ. ವರ್ಷಕ್ಕೊಮ್ಮೆ ಹೊಸಬರು ನಿನ್ನನ್ನು ಚೆನ್ನಾಗಿ ತಿಳಿದುಕೊಳ್ಳಲಿ.

ಇನ್ನೂ ಬದುಕಿರುವ,
ನಿನ್ನ ತಂಗಿ