ದಿಂಬಿನ ಕೆಳಗಿನ ಕತ್ತಿ

ನ್ಯಾಮತಿ
೧೪-೩-೧೯೭೯

ಜಗಳೂರಿನ ಸಭಾಸದರೇ!

ಪತ್ರ ಬಿಚ್ಚಿದರೆ ಮನೆಮಂದಿಯೆಲ್ಲ ಸುತ್ತ ಕೂರುತ್ತೀರೆಂದು ಹೀಗೆ ಕರೆದೆ. ಭಾವ ಉಚ್ಚಂಗೆಪ್ಪನವರೇ, ತಂಗಿ ಬಂಗಾರಮ್ಮ, ಕೇಳಿ.

ನಿಮ್ಮ ಪಕ್ಕದ ಮನೆ ದಾಸಪ್ಪ ಈಗ ಬಂದು ಎಲ್ಲ ಹೇಳಿದ. ಮಗಳು ಸಾವಂತ್ರಿಗೆ ಹುಚ್ಚುನಾಯಿ ಕಚ್ಚಿತಂತೆ. ಡಾಕ್ಟರು ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಅಂದರೆ ನೀವು ಮೂರಕ್ಕೇ ನಿಲ್ಲಿಸಿದಿರಂತೆ. "ಮೂಕಪ್ಪ ಕೊಟ್ಟ ವೀರಭದ್ರನ ಕತ್ತಿ ದಿಂಬಿನ ಕೆಳಗೈತೆ, ಇನ್ನು ಸೂಜಿ ಯಾಕ್ರೀ?" ಅಂದಿರಂತೆ.

ಭಾವ, ಆ ಕತ್ತಿ ಮಾಡಿದವನೇ ನಾನು. ಹಲಸಿನ ಹಲಗೆ, ಮೇಲೆ ಸಿಗರೇಟು ಪ್ಯಾಕಿನ ಬೇಗಡೆ. ನಾನು ವೀರಭದ್ರನ ವೇಷ ಕಟ್ಟಿದ್ದ ನಾಟಕ ಮುಗಿದ ಮೇಲೆ ಜನ ಕಾಲಿಗೆ ಬಿದ್ದರು. ನಾನು ವೇಷ ಕಳಚದೆ ಅದನ್ನೇ ಅವರ ತಲೆಗೆ ಮುಟ್ಟಿಸಿ ತೆಂಗಿನಕಾಯಿ ಇಸಕೊಂಡೆ. ನೀವು ಕೇಳಿದಾಗ ಮೀಸೆ ತಿರುವಿ ಕೊಟ್ಟೆ. ತಪ್ಪು ನನ್ನದು.

ಹೊನ್ನಾಳಿಯಲ್ಲಿ ನಮ್ಮ ನಾಟಕದ ಹಾರ್ಮೋನಿಯಂ ಮೇಷ್ಟ್ರಿಗೂ ಹುಚ್ಚುನಾಯಿ ಕಚ್ಚಿತ್ತು. ಕೊನೆಗೆ ನೀರಿನ ಲೋಟ ಕಂಡರೆ ಗೋಡೆಗೆ ಅಂಟಿಕೊಂಡು ನಡುಗುತ್ತಿದ್ದರು. ಸಾವಂತ್ರಿ ನೀರು ಕುಡಿಯುತ್ತಾಳೆ ತಾನೆ? ಕುಡಿಯುತ್ತಾಳೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಸ್ವಾಮಿಯನ್ನು ನಂಬಿ, ನಾನೂ ನಂಬಿದ್ದೇನೆ. ಬೇಗಡೆಯನ್ನು ನಂಬಬೇಡಿ. ಕಾಯುವ ಸ್ವಾಮಿ ಬಸ್ಸಿನಲ್ಲೂ ಕಾಯುತ್ತಾನೆ, ಸೂಜಿ ಹಿಡಿದ ಕೈಯನ್ನೂ ನಡೆಸುತ್ತಾನೆ. ಕತ್ತಿಯನ್ನು ಒಲೆಗೆ ಹಾಕಿ. ದೋಷ ಬಂದರೆ ನನಗೆ ಬರಲಿ.

ಬಂಗಾರಿ, ಪತ್ರವನ್ನು ದಾಸಪ್ಪನ ಕೈಯಲ್ಲೇ ಕಳಿಸಿದ್ದೇನೆ. ಒಂದು ಕಂಬಳಿ, ಆಸ್ಪತ್ರೆಯ ಚೀಟಿ ತಗೊಂಡು ನಾಳೆಯ ಮೊದಲ ಬಸ್ಸಿಗೆ ದಾವಣಗೆರೆಗೆ ಹೊರಡಿ. ಬೆಳಿಗ್ಗೆ ನಾನು ಅಲ್ಲಿನ ಆಸ್ಪತ್ರೆಯ ಬಾಗಿಲಲ್ಲಿ ಬರಿಗೈಯಲ್ಲಿ ನಿಂತಿರುತ್ತೇನೆ, ಮಗುವನ್ನು ಎತ್ತಿಕೊಂಡು ಒಳಗೆ ಹೋಗುತ್ತೇನೆ.

ನಿಮ್ಮ
ಮೂಕಪ್ಪ