ನಿಮ್ಮ ಮನೆಯ ಕಂಪ್ಯೂಟರಿನ ಮೇಲೆ ಒಂದು ದೂರು

ಗಾಳಿವರ್ಷ ಇನ್ನೂರ ಹನ್ನೊಂದು, ಕರಗುಹಬ್ಬದ ಮುನ್ನಾದಿನ.
ನಿಮ್ಮ ಯಂತ್ರ ಮಾತ್ರ ಇವತ್ತು 2002ರ ಜನವರಿ ಒಂದು ಎಂದು ಹಟ ಹಿಡಿದು ಕೂತಿದೆ.

ಶ್ರೀಮತಿ ಸುಲೋಚನಾ ಕಡ್ಲಿಕೊಪ್ಪ ಅವರಿಗೆ, ನಿಮ್ಮದೇ ಊರು ಗದಗಿನಿಂದ ನೀಲಗಂಗಾ ಮಾಡುವ ನಮಸ್ಕಾರಗಳು. ನಮ್ಮ ನಡುವೆ ಇನ್ನೂರಕ್ಕೂ ಹೆಚ್ಚು ವರ್ಷ ಇರುವುದರಿಂದ ನನ್ನ ಕೆಲವು ಮಾತುಗಳು ವಿಚಿತ್ರವಾಗಿ ಕೇಳಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಹೆಸರು ಸಿಕ್ಕಿದ್ದು ಕಂಪ್ಯೂಟರಿನ ಡಬ್ಬಿಗೆ ಅಂಟಿಸಿದ ಚೀಟಿಯಲ್ಲಿ. ಹೆಸರಿನ ಕೆಳಗೆ ‘ಲಗ್ನಪತ್ರಿಕೆ ಮಾಡಿಕೊಡಲಾಗುವುದು’ ಎಂದಿತ್ತು. ಆ ಡಬ್ಬಿ ಈಗ ನನ್ನ ಮನೆಯಲ್ಲಿದೆ. ಸೊಸೆಯ ನಡತೆ ಸರಿಯಿಲ್ಲದಿದ್ದರೆ ತವರಿಗೆ ಹೇಳಿ ಕಳಿಸುವ ರೂಢಿ ನಮ್ಮಲ್ಲಿ ಇನ್ನೂ ಉಂಟು. ಸವತಿಯ ತವರಿಗೆ ದೂರು ಬರೆದವಳು ಬಹುಶಃ ನಾನೇ ಮೊದಲು.

ಹೌದು, ನಿಮ್ಮ ಕಂಪ್ಯೂಟರನ್ನು ಸವತಿ ಎಂದೇ ಬರೆದಿದ್ದೇನೆ. ನನಗೆ ಆಕೆಯ ಮೇಲೆ ಹೊಟ್ಟೆಕಿಚ್ಚು, ಮುಚ್ಚಿಡುವುದೇನಿದೆ?

ನಮ್ಮ ಕಾಲದ ಸಂಗತಿ ಸ್ವಲ್ಪ ಹೇಳಬೇಕು. ಗುಡ್ಡದ ಮೇಲಿನ ಗಾಳಿಗಿರಣಿಗಳು ಇಡೀ ಊರನ್ನು ನಡೆಸುತ್ತವೆ. ನಮ್ಮ ವಸ್ತುಗಳಿಗೆಲ್ಲ ‘ತಾನರಿವು’ ಇದೆ, ಅಂದರೆ ಯಾರೂ ಹೇಳದೆಯೇ ತಮ್ಮ ಕೆಲಸ ತಾವು ಮಾಡುತ್ತವೆ. ನಾವು ಬರುವ ಮೊದಲೇ ಬಾಗಿಲು ತೆರೆಯುತ್ತದೆ, ಬೆನ್ನು ನೋಯುವ ಮೊದಲೇ ಹಾಸಿಗೆ ಮೆತ್ತಗಾಗುತ್ತದೆ. ಅವು ಕೆಡುವುದಿಲ್ಲ, ತಪ್ಪುವುದೂ ಇಲ್ಲ. ಅವುಗಳ ಕೆಲಸದ ನಡುವೆ ಕೈ ಹಾಕುವುದು ಒಳ್ಳೆಯ ಮನೆತನದ ಲಕ್ಷಣವಲ್ಲ ಎಂದು ಚಿಕ್ಕಂದಿನಿಂದ ಕಲಿಸಿರುತ್ತಾರೆ. ಇಷ್ಟರ ಮೇಲೆ ಪ್ರತಿ ಮನೆಗೂ ‘ಸಂಜೆಗಾಳಿ’ ಎಂದು ಒಂದಿಷ್ಟು ವಿದ್ಯುತ್ತು ಬರುತ್ತದೆ. ಅದನ್ನು ಮನಸ್ಸಿಗೆ ಬಂದಂತೆ ಖರ್ಚು ಮಾಡಬಹುದು. ನಾವು ಗಂಡಹೆಂಡತಿ ಮಾಳಿಗೆಯ ತಂಪುದೀಪ ಹಚ್ಚಿಕೊಂಡು ಹರಟುತ್ತಾ ಕೂರುತ್ತಿದ್ದೆವು. ಈಗ ಅಷ್ಟೂ ಗಾಳಿ ನಿಮ್ಮ ಹುಡುಗಿಯ ಪಾಲು.

ನನ್ನ ಗಂಡ ಅಡಿವೆಪ್ಪನವರಿಗೆ ಕರಗುಮನೆಯಲ್ಲಿ ಕೆಲಸ. ಹಳೆಯ ಲೋಹವನ್ನೆಲ್ಲ ಕರಗಿಸುವ ಜಾಗ ಅದು. ಅಲ್ಲಿಂದ ಈ ಕಂಪ್ಯೂಟರನ್ನು ಅಪ್ಪಣೆ ಪಡೆದು ತಂದರು. ಕರಗುಹಬ್ಬದ ದಿನ ಮೇಲಿನವರು ಬಂದು ನೋಡುತ್ತಾರೆ, ಯಂತ್ರ ಸರಿಯಾಗಿ ಶುರುವಾದರೆ ನಮ್ಮಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ಬೆಂಕಿಗೆ ಹೋಗುತ್ತದೆ ಎಂಬುದು ಕರಾರು. ಮೊದಮೊದಲು ಆಕೆಗೆ ಉಸಿರೇ ಇರಲಿಲ್ಲ. ಇವರು ಮುಚ್ಚಳ ಬಿಚ್ಚಿ, ನನ್ನ ಮೆತ್ತನೆಯ ಸೀರೆಯ ತುಂಡಿನಿಂದ ಧೂಳು ಒರೆಸಿದರು. ಮೆಮೊರಿಯ ಪಟ್ಟಿಯನ್ನು ಹೊರಗೆ ತೆಗೆದು, ಅದರ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದರು. ಒಂದೊಂದೇ ವೈರು ಕಿತ್ತು ಹಾಕಿ ನೋಡಿದರು. ಫ್ಯಾನು ತಿರುಗಿದ ದಿನ ಮನೆಯಲ್ಲೆಲ್ಲ ಓಡಾಡಿದರು. ಆಕೆ ‘ಬೀಪ್’ ಎಂದ ದಿನ ಇವರು ನಕ್ಕ ನಗುವನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ. ನನ್ನ ಮೈ ಉರಿದುಹೋಯಿತು.

ಆದರೆ ಆಕೆ ಅಲ್ಲಿಗೇ ನಿಂತಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ಒಳಗಿನ ಬಿಲ್ಲೆಯಂಥ ಬ್ಯಾಟರಿ ಸತ್ತಿರುವುದರಿಂದ ದಿನ ಮರೆತಿದ್ದೇನೆ, ಮುಂದುವರಿಯಲು ಎಫ್-ಒಂದು ಒತ್ತಿ ಎಂದು ಅದರ ಅರ್ಥವಂತೆ. ಅಂಥ ಬ್ಯಾಟರಿ ಈಗ ಎಲ್ಲೂ ಸಿಗುವುದಿಲ್ಲ. ಇವರು ಏನನ್ನೂ ಒತ್ತದೆ, ತೊಡೆಯ ಮೇಲೆ ಕೈಯಿಟ್ಟುಕೊಂಡು, ಸಂಜೆಗಾಳಿ ತೀರುವವರೆಗೂ ಆಕೆಯ ಮುಖ ನೋಡುತ್ತಾ ಕೂರುತ್ತಿದ್ದರು. ಕೇಳಿದರೆ, “ಹಿರೀಜೀವ ಐತಿ, ತಾನಾಗೇ ಏಳ್ಲಿ ತಡಿ. ಅವಸರ ಮಾಡಬಾರದು” ಎನ್ನುತ್ತಿದ್ದರು. ಪಕ್ಕದಲ್ಲಿ ನಾನೊಬ್ಬಳು ಇದ್ದೇನೆ ಎನ್ನುವುದು ಅವರ ನೆನಪಿನಲ್ಲಿಯೇ ಇದ್ದಂತೆ ಕಾಣಲಿಲ್ಲ.

ನಿನ್ನೆ ಇವರು ಕೆಲಸಕ್ಕೆ ಹೋದಾಗ ಆಕೆಗೆ ವಿದ್ಯುತ್ತು ಹಾಯಿಸಿ, ಬಾಯಿಗೆ ಬಂದಂತೆ ಬೈದು, ಸಿಟ್ಟಿನಲ್ಲಿ ಆ ಎಫ್-ಒಂದರ ಮೇಲೆಯೇ ಬೆರಳಿನಿಂದ ತಿವಿದೆ. ಎಷ್ಟು ಸಲೀಸಾಗಿ ಎದ್ದಳು ಗೊತ್ತೇ? ಪರದೆ ಬೆಳಗಿತು, ನೀವು ಮಾಡಿದ ಲಗ್ನಪತ್ರಿಕೆಗಳೆಲ್ಲ ಸಾಲಾಗಿ ಬಂದವು. ಇವರಿಗೆ ಹೇಳದಿದ್ದರೆ ಹಬ್ಬದ ದಿನ ಆಕೆ ಬೆಂಕಿಗೆ, ನನ್ನ ಗಂಡ ನನಗೆ. ಬಾಯಿ ಬಿಟ್ಟರೆ ಆಕೆ ಶಾಶ್ವತವಾಗಿ ನನ್ನ ಮನೆಯಲ್ಲಿ. ಸಂಜೆಯವರೆಗೂ ಬಾಯಿ ಬಿಗಿಹಿಡಿದೆ. ಆದರೆ ಕೊನೆಯ ಸಲ ಎಂಬಂತೆ ಇವರು ಆಕೆಯ ಧೂಳು ಒರೆಸುವುದನ್ನು ನೋಡಲಾಗಲಿಲ್ಲ. “ಅದನ್ನ ಒತ್ತಬೇಕ್ರಿ, ಒತ್ತಿದ್ರ ಏಳತಾಳ ಆಕಿ” ಎಂದುಬಿಟ್ಟೆ.

ಇವರು ಬಟ್ಟೆ ಕೆಳಗಿಟ್ಟರು. “ಗೊತ್ತೈತಿ, ನೀಲಾ. ಮೊದಲನೇ ದಿನಾನ ಒತ್ತಿ ನೋಡೇನಿ.”

ಮತ್ತೆ ಯಾಕೆ ಹಾಗೆ ಕೂರುತ್ತೀರಿ ಎಂದು ಕೇಳಿದೆ. ಇವರು ಆಕೆಯ ಪರದೆಯತ್ತ ಕೈ ತೋರಿಸಿದರು. “ಈ ಮನ್ಯಾಗ ಯಾವುದು ನನ್ನ ಕೇಳಿ ಮುಂದ ಹೋಗತೈತಿ ಹೇಳು. ಇದೊಂದ ನಿಂತು ಕೇಳತೈತಿ. ನಾ ಒತ್ತೂತನಕಾ ನನ್ನ ಹಾದಿ ಕಾಯತೈತಿ.”

ಯಾವುದು ಎಂದರು, ಯಾರು ಎನ್ನಲಿಲ್ಲ. ಆದರೂ ಅದು ನನಗೆ ತಾಗಿತು. ನಾನೂ ಈ ಮನೆಯಲ್ಲಿ ಎಲ್ಲವನ್ನೂ ಅಚ್ಚುಕಟ್ಟಾಗಿ, ಯಾರನ್ನೂ ಕೇಳದೆ ಮಾಡಿಕೊಂಡು ಬಂದವಳೇ. ನಾಳೆ ಮೇಲಿನವರ ಮುಂದೆ ಇವರು ಒತ್ತುತ್ತಾರೆ, ಆಕೆ ಏಳುತ್ತಾಳೆ, ಇಲ್ಲೇ ಉಳಿಯುತ್ತಾಳೆ. ನಿಮ್ಮ ಮೇಲೂ ನನಗೆ ಹೊಟ್ಟೆಕಿಚ್ಚೇ, ಸುಲೋಚನಕ್ಕ. ನಿಮ್ಮ ಕಾಲದಲ್ಲಿ ಎಲ್ಲವೂ ಕೆಡುತ್ತಿತ್ತು, ಎಲ್ಲವೂ ನಿಮ್ಮನ್ನು ಕೇಳುತ್ತಿತ್ತು, ಅದನ್ನು ನೀವು ಪೀಡೆ ಎಂದು ಬೈದುಕೊಂಡಿದ್ದೀರಿ. ಇವತ್ತಿನ ಸಂಜೆಗಾಳಿಯಲ್ಲಿ ಅರ್ಧವನ್ನು ಇವರಿಂದ ಕಾಡಿ ಬೇಡಿ ಪಡೆದು, ಇದನ್ನು ಆಕೆಯಲ್ಲೇ ಬರೆದು ಇಡುತ್ತಿದ್ದೇನೆ. ಆಕೆ ಹಾಕುವ ತಾರೀಖು ನಿಮ್ಮ ಕಾಲದ್ದಾದ್ದರಿಂದ ನಿಮಗೆ ತಲುಪೀತು ಎಂಬ ಆಸೆ. ತಲುಪಿದರೆ ಒಂದು ಉಪಕಾರ ಮಾಡಿ, ಆಕೆ ನಿಂತು ಕೇಳಿದಾಗ ಬೈಯದೆ ಒತ್ತಿ.

ಒಂದು ಮಾತು ಹೇಳಿ ನಿಮ್ಮಿಂದ ಬೀಳ್ಕೊಳ್ಳುತ್ತೇನೆ. ನಮ್ಮ ಒಲೆ ಉಪ್ಪು ಖಾರವನ್ನೆಲ್ಲ ತಾನೇ ತೂಗಿ ಹಾಕುತ್ತದೆ, ಎಂದೂ ಹೆಚ್ಚುಕಡಿಮೆಯಾದದ್ದಿಲ್ಲ. ನಿನ್ನೆ ಊಟಕ್ಕೆ ಮುಂಚೆ ಸಾರಿನ ಸೌಟು ಹಿಡಿದುಕೊಂಡು ಇವರ ಮುಂದೆ ಹೋಗಿ ನಿಂತೆ. “ಉಪ್ಪು ಸಾಕೇನ್ರಿ?” ಎಂದೆ. ಇವರು ಅಂಗೈಗೆ ಹಾಕಿಸಿಕೊಂಡು ನೆಕ್ಕಿದರು. ಬಹಳ ಹೊತ್ತು ಯೋಚಿಸಿದರು. “ಒಂದೀಟು ಬೇಕು” ಎಂದರು. ಹಾಕಿದೆ. ಸಾರು ಉಪ್ಪುಪ್ಪಾಯಿತು. ಇಬ್ಬರೂ ಒಂದು ಹನಿ ಬಿಡದೆ ಉಂಡೆವು.