ದೀಪದ ಪಾಲು

ವಳಸಂಗ, ತಾ. ಜತ್ತ
೧೮ ಫೆಬ್ರುವರಿ ೧೯೫೪

ಪ್ರೀತಿಯ ಯಜಮಾನರಿಗೆ ನಿಮ್ಮ ಇಂದ್ರಾಳ ನಮಸ್ಕಾರ.

ಕೆಮ್ಮು ಹೇಗಿದೆ? ಹೋದ ಪತ್ರದಲ್ಲಿ ಕಡಿಮೆಯಾಗಿದೆ ಎಂದು ಬರೆದಿದ್ದೀರಿ. ಅದರ ಹಿಂದಿನ ಪತ್ರದಲ್ಲೂ ಅದನ್ನೇ ಬರೆದಿದ್ದಿರಿ, ಹಾಗಾಗಿ ನಾನು ನಂಬುವುದಿಲ್ಲ. ಖಾನಾವಳಿಯವನಿಗೆ ಹೇಳಿ ರಾತ್ರಿ ಬಿಸಿನೀರು ಇಸಿದುಕೊಳ್ಳಿ, ಸಂಕೋಚಪಡಬೇಡಿ. ಇಲ್ಲಿ ಅತ್ತೆಯವರು ಆರಾಮಾಗಿದ್ದಾರೆ. ಮೊಣಕಾಲು ನೋವು ಎನ್ನುತ್ತಲೇ ಹೊಲಕ್ಕೆ ಹೋಗಿ ಆಳುಗಳನ್ನೆಲ್ಲ ಬೈದು ಬರುತ್ತಾರೆ, ಬಂದ ಮೇಲೆ ನೋವೂ ಇರುವುದಿಲ್ಲ. ಬಿಳಿಜೋಳ ಈ ಸಲ ಚೆನ್ನಾಗಿ ಬಂದಿದೆ. ಕಣದಲ್ಲಿ ಕಾಲಿಡಲು ಜಾಗವಿಲ್ಲ.

ಈಗ ನೀವು ಒಪ್ಪಿಸಿದ ಕೆಲಸದ ಸುದ್ದಿ. ಊಟದ ಬಿಡುವಿನಲ್ಲಿ ಆ ಹಾಡಿನ ಗ್ರಾಮಫೋನ್ ಪ್ಲೇಟನ್ನು ನೀವೇ ಮಷೀನಿಗೆ ಹಾಕಿ ಕೇಳಿದ್ದು, ನಮ್ಮ ಕಡೆಯ ಪದವೆಂದು ಗುರುತು ಹಿಡಿದದ್ದು ಒಳ್ಳೆಯದೇ ಆಯಿತು. ನಿಮ್ಮ ಕಂಪನಿಯ ದೊಡ್ಡವರೆಲ್ಲ 'ಕಾಳಾಬಾಯಿ ಜತ್ತಕರ' ಎಂಬ ಗಾಯಕಿಗೆ ವರ್ಷ ವರ್ಷ ಪತ್ರ ಹಾಕುವುದು, ಜತ್ತಿನ ಪೋಸ್ಟಿನವರು ಅಂಥವರು ಇಲ್ಲಿಲ್ಲವೆಂದು ಷರಾ ಬರೆದು ವಾಪಸು ಕಳಿಸುವುದು, ಅವಳ ಹಾಡಿನ ರೊಕ್ಕ, ಆ ರಾಯಲ್ಟಿ, ಅಲ್ಲೇ ಕೊಳೆಯುವುದು. ಹೀಗೇ ನಡೆದಿತ್ತಲ್ಲ! ಜತ್ತಿನೊಳಗೆ ಜತ್ತಕರ ಎಲ್ಲಿಂದ ಸಿಗಬೇಕು ಹೇಳಿ? ಊರು ಬಿಟ್ಟು ಹೋದವರಿಗೆ ಊರಿನ ಹೆಸರು ಹತ್ತುತ್ತದೆ, ಊರಲ್ಲೇ ಇರುವವರಿಗೆ ಯಾರು ಹಚ್ಚುತ್ತಾರೆ? ನೀವು ಹಾಡಿನ ಮೊದಲ ಸಾಲು ಬರೆದು ಕಳಿಸಿದ್ದೇ ತಡ, ಅತ್ತೆಯವರು ಒಲೆಯ ಮುಂದೆ ಕುಳಿತೇ "ಏ, ಅದು ನಮ್ಮ ಸೋನ್ಯಾಳ ಕಾಳವ್ವನ ಪದ ಅಲ್ಲೇನ?" ಎಂದರು. ಮುಂಬೈಯ ದಫ್ತರಕ್ಕೆ ಆಗದ್ದು ಒಂದು ರೊಟ್ಟಿ ಬೇಯುವಷ್ಟರಲ್ಲಿ ಆಯಿತು. ನಿಮ್ಮ ಸಾಹೇಬರಿಗೆ ಇದನ್ನು ಹೇಳಬೇಡಿ, ಬೇಜಾರಾದಾರು.

ಗಾಡಿ ಕಟ್ಟಿಸಿಕೊಂಡು ಸೋನ್ಯಾಳಕ್ಕೆ ಹೋದೆ. ಕಾಳವ್ವ ಕಣದಲ್ಲಿ ತೆನೆ ಮುರಿಯುತ್ತಿದ್ದಳು. ಮೇಳದ ಜೊತೆ ಪ್ಲೇಟಿಗೆ ಹಾಡಲು ಹೋದಾಗ ಮುಂಬೈಯಲ್ಲಿ ಯಾರೋ ಊರು ಕೇಳಿದರಂತೆ, ಸೋನ್ಯಾಳ ಎಂದರೆ ಇವರಿಗೇನು ತಿಳಿದೀತು ಎಂದು ಜತ್ತ ಅಂದಳಂತೆ. ಉಳಿದದ್ದನ್ನು ಅವರೇ ಅಂಟಿಸಿದರು. ನಾನು ಖುಷಿಯಿಂದ ರಾಯಲ್ಟಿಯ ಸುದ್ದಿ ಹೇಳಿ, ನಿಮ್ಮ ಫಾರ್ಮು ತೆಗೆದು, ಹೆಬ್ಬೆಟ್ಟಿಗೆ ಶಾಯಿಯನ್ನೂ ಮುಂದಿಟ್ಟೆ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಒಲ್ಲೆನ್ರೀ ಬಾಯಿ. ಇದನ್ನ ಈಗ ಮುಟ್ಟಿದ್ನಂದ್ರ ಅವರು ಅಂದದ್ದ ಖರೇ ಆಗ್ತದ" ಎಂದಳು. ಆಮೇಲೆ ಅತ್ತಳು. ಕಣ್ಣೊರೆಸಿಕೊಂಡು ಮೇಳದ ಕಥೆಯನ್ನೆಲ್ಲ ಹೇಳಿದಳು.

ನಮ್ಮ ಕಡೆಯ ಭಜನೆ ಮೇಳಗಳ ರೀತಿ ನಿಮಗೆ ಗೊತ್ತೇ ಇದೆ. ಹಾಡಿಗೆ ಬಂದದ್ದು ಕಾಳಾಗಲಿ ಕಾಸಾಗಲಿ ಕಂಬಳಿಯ ಮೇಲೆ ಸುರಿದು ಪಾಲು ಮಾಡಬೇಕು. ಹಾಡಿದವಳಿಗೆ ಎಷ್ಟೋ, ಹಾರ್ಮೋನಿಯಂ ಪೇಟಿ ನುಡಿಸುವ ಅಲ್ಲಾಭಕ್ಷನಿಗೂ ಅಷ್ಟೇ, ತಾಳದ ಸಾತಪ್ಪನಿಗೂ ಅಷ್ಟೇ, ಹಿಂದೆ ಕುಳಿತು ದೀಪಕ್ಕೆ ಎಣ್ಣೆ ಹಾಕುವವನಿಗೂ ಅಷ್ಟೇ. ಪಾಲಾಗದೆ ಯಾರೂ ಕಂಬಳಿಯಿಂದ ಏಳುವಂತಿಲ್ಲ. ಪ್ಲೇಟು ಬಂದಾಗ ಅದರ ಮೇಲೆ ಇದ್ದದ್ದು ಅವಳೊಬ್ಬಳ ಹೆಸರು. ಜತ್ತಿನ ಚಹಾದಂಗಡಿಯಲ್ಲಿ ದಿನಾ ಅವಳ ಹಾಡು ಕೂಗುತ್ತಿತ್ತು. ಮುಂಬೈಯಿಂದ ರೊಕ್ಕ ಬಂದೇ ಬಂದಿರುತ್ತದೆ, ಕಾಳವ್ವ ಒಬ್ಬಳೇ ನುಂಗಿದಳು ಎಂದು ಮೇಳದವರು ತಿಳಿದರು. ಬಾಯಿಬಿಟ್ಟು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪಾಲು ಕೇಳಿ ಪಡೆಯುವುದು ಅವರಲ್ಲಿ ನಾಚಿಕೆಯ ಮಾತು. ಅಲ್ಲಾಭಕ್ಷ ಪೇಟಿಗೆ ಬಟ್ಟೆ ಸುತ್ತಿ ಅಟ್ಟಕ್ಕೆ ಏರಿಸಿದ. ಅಂದಿನಿಂದ ಅಮಾವಾಸ್ಯೆಯ ಭಜನೆಯೇ ನಿಂತಿದೆ. ನೀರಿನ ಹತ್ತಿರ ಹೆಂಗಸರು ಆಡಿಕೊಳ್ಳುವುದು ಕಿವಿಗೆ ಬಿದ್ದ ಮೇಲೆ ಈ ಪುಣ್ಯಾತಗಿತ್ತಿಗೆ ಕಾರಣ ಗೊತ್ತಾದದ್ದು. ಬಾರದ ದುಡ್ಡನ್ನು ಬಂದಿಲ್ಲವೆಂದು ಹೇಗೆ ತೋರಿಸುತ್ತಾಳೆ?

ನನಗೆ ಕಂಪನಿಯ ಮೇಲೂ ಸಿಟ್ಟು ಬಂತು, ಅಲ್ಲಾಭಕ್ಷನ ಮೇಲೂ ಬಂತು. ಕಂಪನಿ ದೂರ ಇದೆ, ಅಲ್ಲಾಭಕ್ಷ ನಮ್ಮೂರಲ್ಲೇ ಇದ್ದಾನೆ. ಮರುದಿನವೇ ಅವನು ಪಾತ್ರೆಗೆ ಕಲಾಯಿ ಹಾಕುವಲ್ಲಿಗೆ ಹೋಗಿ, ಫಾರ್ಮಿನ ಜೊತೆ ನೀವು ಕಳಿಸಿದ, ಜತ್ತಿನಿಂದ ವಾಪಸಾದ ಕಂಪನಿಯ ಲಕೋಟೆಗಳನ್ನು ಅವನ ಮುಂದೆ ಹರವಿದೆ. ಒಂದೂ ಒಡೆದಿರಲಿಲ್ಲ. ಅವನು ಪೋಸ್ಟಿನ ಶಿಕ್ಕೆಯ ಮುದ್ರೆಗಳನ್ನು ಒಂದೊಂದಾಗಿ ನೋಡಿದ. ಕುಲುಮೆಯ ತಿದಿ ಊದುವುದನ್ನು ಬಿಟ್ಟ. "ಯಾ ಅಲ್ಲಾ, ಆಕಿಗೊಂದು ಮಾತ ಕೇಳಲಿಲ್ಲಲ್ಲ ನಾ" ಎಂದ. ಅವನ ಹೆಂಡತಿ ಬಿಬಿಜಾನ ಒಳಗಿನಿಂದಲೇ "ಪೇಟಿ ಇಳಸರಿ ಮೊದಲ, ಅಳೂದು ಹಾದ್ಯಾಗ ಅಳರಿ" ಎಂದಳು. ಅವಳು ನನಗೆ ಯಾವತ್ತೂ ಇಷ್ಟ.

ಅದೇ ಗಾಡಿಯಲ್ಲಿ ಪೇಟಿ ಹೇರಿಕೊಂಡು ಮತ್ತೆ ಸೋನ್ಯಾಳಕ್ಕೆ ಹೋದೆವು. ಅಲ್ಲಾಭಕ್ಷ ಕಣಕ್ಕೆ ಬಂದವನು ಕ್ಷಮೆ ಗಿಮೆ ಏನೂ ಕೇಳಲಿಲ್ಲ. ಕಂಬಳಿ ಹಾಸಿ, ಪೇಟಿ ಇಟ್ಟು, ಸ್ವರ ಹಿಡಿದ. ಕಾಳವ್ವ ಬೆನ್ನು ತಿರುಗಿಸಿ ತೆನೆ ಮುರಿಯುತ್ತಲೇ ಇದ್ದಳು. ಅವನು ಬೇಕೆಂದೇ ಎತ್ತರದ ಸ್ವರ ಹಿಡಿದಿದ್ದನೋ ಏನೋ, ಅವಳಿಗೆ ತಡೆಯಲಾಗಲಿಲ್ಲ. "ಸ್ವರ ಒಂದು ಮನಿ ಕೆಳಗ ಹಿಡಿಯೋ, ನನಗೂ ವಯಸ್ಸಾತು" ಎಂದು ಗದರಿಸಿ ಬಂದು ಕುಳಿತಳು. ಸಾತಪ್ಪ ತಾಳ ಸಿಗದೆ ನೀರಿನ ಎರಡು ಚರಗಿ ಹಿಡಿದು ಬಂದ. ನಾನು ಹೊಟ್ಟು ಮೈತುಂಬ ಹತ್ತಿಸಿಕೊಂಡು ಹೊತ್ತು ಮುಳುಗುವವರೆಗೆ ಕೇಳಿದೆ. ಎಂಥ ಸುಖ ಆಯಿತೆಂದು ಬರೆಯಲು ಬರುವುದಿಲ್ಲ.

ಹಾಡಾದ ಮೇಲೆ ಹೆಬ್ಬೆಟ್ಟು ಬಿತ್ತು. ಗುರುತು ಹೇಳುವವರ ಜಾಗದಲ್ಲಿ ಅಲ್ಲಾಭಕ್ಷ ಉರ್ದುವಿನಲ್ಲಿ ಸಹಿ ಮಾಡಿದ್ದಾನೆ. ಮಾರ್ಚ್ ಮುಗಿದರೆ ಖಾತೆ ಮುಚ್ಚುತ್ತದೆ ಎಂದಿದ್ದಿರಲ್ಲ, ಫಾರ್ಮು ಇದರ ಜೊತೆಗೇ ಇದೆ, ಕಳೆಯಬೇಡಿ. ಪ್ಲೇಟನ್ನು ಮತ್ತೆ ಅಚ್ಚು ಹಾಕಿದರೆ ಪೇಟಿಯವನ ಹೆಸರೂ ತಾಳದವನ ಹೆಸರೂ ಇರಲಿ, ಊರು ಸೋನ್ಯಾಳ ಇರಲಿ ಎಂದು ನಿಮ್ಮ ಸಾಹೇಬರಿಗೆ ನೀವೇ ಹೇಳಬೇಕು. ತಲೆ ಆಡಿಸಿ ಸುಮ್ಮನೆ ಬರಬೇಡಿ.

ಅತ್ತೆಯವರ ಆಶೀರ್ವಾದ. ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಕಂತೆ.

ನಿಮ್ಮ,
ಇಂದ್ರಾಬಾಯಿ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಮುಖ್ಯವಾದದ್ದೇ ಉಳಿಯಿತು. ಬರುವ ರೊಕ್ಕ ಹೇಗೆ ಹಂಚುವುದೆಂದು ಕಾಳವ್ವ ಕಂಬಳಿಯ ಮೇಲೆ ಪಾಲಿಗೊಂದರಂತೆ ಜೋಳದ ತೆನೆ ಇಟ್ಟಳು. ಅವಳದು, ಅಲ್ಲಾಭಕ್ಷನದು, ಸಾತಪ್ಪನದು. ದೀಪದ ಪಾಲೆಂದು ಇನ್ನೊಂದು ಉಳಿಯಿತು. ಹಗಲಲ್ಲಿ ಹಾಡಿದಿರಿ, ದೀಪವೇ ಇರಲಿಲ್ಲವಲ್ಲ ಎಂದೆ. "ಇತ್ತಲ್ರೀ. ಮುಂಬೈದಾಗ ಹಿಂದ ಕುಂತು ಎಣ್ಣಿ ಹಾಕಿದವ್ರು ನಿಮ್ಮ ಮನಿಯವರು" ಎಂದಳು. ಹಾಡುವವರ ರಾಯಲ್ಟಿಯನ್ನು ಕಂಪನಿಯ ನೌಕರರು ಮುಟ್ಟುವಂತಿಲ್ಲ, ಅದು ಅಲ್ಲಿಯ ಕಾಯದೆ ಎಂದು ಹೇಳಿದೆ. ಹಾಗಾದರೆ ತೆನೆಯನ್ನಾದರೂ ಒಯ್ಯಲಿ, ಆದರೆ ದೀಪದ ಪಾಲು ಟಪಾಲಿನಲ್ಲಿ ಹೋಗುವುದಿಲ್ಲ, ಕಂಬಳಿಯ ಮೇಲೆ ಕುಳಿತೇ ತೆಗೆದುಕೊಳ್ಳಬೇಕು ಎಂದಳು. ಮೇಳದವರು ಯುಗಾದಿ ಅಮಾವಾಸ್ಯೆಗೆ ನಮ್ಮ ಮನೆಗೇ ಹಾಡಲು ಬರುತ್ತಾರೆ. ತೆನೆಯನ್ನು ಜಂತಿಗೆ ಕಟ್ಟಿದ್ದೇನೆ, ಗುಬ್ಬಿಗಳು ಕಣ್ಣು ಹಾಕಿವೆ. ನೀವು ಬರುತ್ತೀರೆಂದು ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ರಜೆ ಕೇಳಿ.